ಎರಡು ಗಂಟೆಗೊಮ್ಮೆ ಮಗ್ಗುಲು

ನೋವಾಗಲಿಲ್ಲ, ಮೊದಲು ಬಂದದ್ದು ವಾಸನೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತಿದ್ದ ಅಡಿಕೆ ಮರದಿಂದ ಬಿದ್ದು ಮೂರು ವಾರವಾಗಿತ್ತು. ಸೊಂಟದ ಕೆಳಗಿನ ಮೈ ನನಗೆ ಸುದ್ದಿ ಕೊಡುವುದನ್ನೇ ಬಿಟ್ಟಿತ್ತು. ಪಕ್ಕದ ಮಂಚದವರ ಹೆಂಡತಿ ಮೂಗಿಗೆ ಸೆರಗು ಹಿಡಿದಾಗ, ನಾರುತ್ತಿರುವವನು ನಾನೇ ಎಂದು ತಿಳಿಯಿತು. ಡ್ರೆಸಿಂಗ್ ಮಾಡುವಾಗ ನೋಡಿದ ಆಯಿ, ‘ಎರಡು ಅಡಿಕೆಕಾಯಿ ಹಿಡಿಸುವಷ್ಟು ಹೊಂಡ, ತಮಾ’ ಅಂದಳು. ವಾರ್ಡಿನಲ್ಲಿ ಯಾರೋ ಸಮಾಧಾನ ಹೇಳಿದರು: ‘ಬೆನ್ನುಹುರಿ ಹೋದವರಿಗೆ ಇದು ಬರೋದೇ.’

ಆ ‘ಬರೋದೇ’ ಎಷ್ಟು ಹಳೆಯದೆಂದು ಆಮೇಲೆ ಬೋರಲು ಮಲಗಿದ ತಿಂಗಳುಗಳಲ್ಲಿ ಓದಿ ತಿಳಿದೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನಲ್ಲಿ ನರರೋಗಗಳ ದೊಡ್ಡ ವೈದ್ಯ ಶಾರ್ಕೋ, ಇಂಥ ಹಾಸಿಗೆ ಹುಣ್ಣು ನರ ಕೆಟ್ಟದ್ದರ ಫಲ, ಸಾವಿನ ಮುನ್ಸೂಚನೆ ಎಂದು ಬೋಧಿಸಿದ. ಅದಕ್ಕೂ ಮೊದಲೇ, 1850ರ ದಶಕದಲ್ಲಿ, ಶರೀರಕ್ರಿಯಾ ವಿಜ್ಞಾನಿ ಬ್ರೌನ್-ಸೆಕಾರ್ ಬೆನ್ನುಹುರಿ ಕತ್ತರಿಸಿದ ಗಿನಿಯಿಲಿಗಳನ್ನು ಸಾಕಿ ನೋಡಿದ್ದ. ಒತ್ತಡ, ಮೂತ್ರದ ಒದ್ದೆ ತಾಗದಂತೆ ಕಾಪಾಡಿದರೆ ಅವಕ್ಕೆ ಹುಣ್ಣೇ ಆಗುತ್ತಿರಲಿಲ್ಲ. ಹಾಸಿಗೆ ಹುಣ್ಣು ಬಹುಮಟ್ಟಿಗೆ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು 1859ರಲ್ಲಿ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಬರೆದಳು. ಆದರೂ ಶಾರ್ಕೋನ ಮಾತೇ ಬಹುಕಾಲ ನಡೆಯಿತು. ಹಣೆಬರಹ ಎಂದುಬಿಟ್ಟರೆ ರಾತ್ರಿ ಯಾರೂ ಏಳಬೇಕಾಗಿಲ್ಲವಲ್ಲ! ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ಕಡಿದ ಸೈನಿಕರಲ್ಲಿ ಹೆಚ್ಚಿನವರು ಈ ಹುಣ್ಣಿನ ನಂಜಿಗೆ, ಮೂತ್ರದ ಸೋಂಕಿಗೆ ಸತ್ತರು.

ಎದ್ದವನು ಲುಡ್ವಿಗ್ ಗುಟ್‌ಮನ್. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಯಹೂದಿ ವೈದ್ಯ. 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗಕ್ಕೆ ಬಂದವನೇ ರೋಗಿಗಳ ಪ್ಲಾಸ್ಟರ್ ಕವಚ ತೆಗೆಸಿದ. ಹಗಲಿರುಳು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದ. ನಡೆದಿದೆಯೇ ಎಂದು ರಾತ್ರಿ ತಾನೇ ಬಂದು ನೋಡುತ್ತಿದ್ದ. ಔಷಧಕ್ಕಿಂತ ಕೈಗಳು ಬೇಕಾದ ಚಿಕಿತ್ಸೆ. 1948ರಲ್ಲಿ ಅಲ್ಲಿನ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯ ಹದಿನಾರು ಮಂದಿ ಬಿಲ್ಲು ಹಿಡಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಮೂಲ ಅದು.

ಗುಟ್‌ಮನ್ ಯಾರೆಂದು ಆಯಿಗೆ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಒಬ್ಬ ನರ್ಸಮ್ಮ ಹೇಳಿಕೊಟ್ಟಂತೆ ಅಲಾರಂ ಇಟ್ಟು, ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ನನ್ನನ್ನು ಹೊರಳಿಸಿದಳು. ಹೊಂಡ ತುಂಬಲು ಏಳು ತಿಂಗಳು ಹಿಡಿಯಿತು. ಈಗ ತೊಲೆಗೆ ಕಟ್ಟಿದ ಹಗ್ಗ ಹಿಡಿದು ನಾನೇ ಹೊರಳುತ್ತೇನೆ. ಬೆಳಿಗ್ಗೆ ಕೈಗನ್ನಡಿಯನ್ನು ಮೊದಲು ಬೆನ್ನಿಗೆ ಹಿಡಿಯುತ್ತೇನೆ, ಮುಖಕ್ಕೆ ಆಮೇಲೆ.