ಬ್ರ್ಯಾಡ್ಗೇಟ್ ಪಾರ್ಕ್: ಒಡೆಯರ ಬೇಟೆವನದಿಂದ ಜನರ ವನಕ್ಕೆ

ಇಂಗ್ಲೆಂಡಿನ ಲೆಸ್ಟರ್ ನಗರದ ವಾಯವ್ಯಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಚಾರ್ನ್‌ವುಡ್ ಪ್ರದೇಶದ ಬಂಡೆಗುಡ್ಡಗಳ ನಡುವೆ, ಸುಮಾರು 850 ಎಕರೆಗಳಲ್ಲಿ ಬ್ರ್ಯಾಡ್ಗೇಟ್ ಪಾರ್ಕ್ ಹರಡಿಕೊಂಡಿದೆ. ಇದು ಹೂಪಾತಿಗಳ ನಗರೋದ್ಯಾನವಲ್ಲ. ಮುದಿ ಓಕ್ ಮರಗಳು, ಬ್ರ್ಯಾಕನ್ ಎಂಬ ಜರೀಗಿಡದ ದಟ್ಟ ಪೊದೆಗಳು, ಅವುಗಳ ನಡುವೆ ಮೇಯುವ ಜಿಂಕೆಗಳು ಇಲ್ಲಿನ ವೈಶಿಷ್ಟ್ಯ.

ಮೂಲತಃ ಇದು ಶ್ರೀಮಂತರ ಬೇಟೆಗಾಗಿ ಬೇಲಿ ಹಾಕಿ ಜಿಂಕೆಗಳನ್ನು ಕಾಪಿಟ್ಟ ಕಾಡು. 13ನೆಯ ಶತಮಾನದಲ್ಲಿಯೇ ಇದರ ಉಲ್ಲೇಖ ದೊರೆಯುತ್ತದೆ. 1500ರ ಆಸುಪಾಸಿನಲ್ಲಿ ಗ್ರೇ ಮನೆತನದವರು ಇಲ್ಲಿ ಇಟ್ಟಿಗೆಯ ಭವ್ಯ ನಿವಾಸವೊಂದನ್ನು ಕಟ್ಟಿಸಿದರು. ಅದರ ಅವಶೇಷಗಳನ್ನು ಇಂದಿಗೂ ಕಾಣಬಹುದು. ಲೇಡಿ ಜೇನ್ ಗ್ರೇ ಬಾಲ್ಯವನ್ನು ಕಳೆದದ್ದು ಈ ಮನೆಯಲ್ಲಿ. ಹಿರಿಯರ ಅಧಿಕಾರದಾಹಕ್ಕೆ ಸಿಲುಕಿ 1553ರ ಜುಲೈ ತಿಂಗಳಲ್ಲಿ ಒಂಬತ್ತು ದಿನ ರಾಣಿಯೆನಿಸಿಕೊಂಡ ಈ ತರುಣ ವಿದುಷಿಯ ಶಿರಚ್ಛೇದ 1554ರ ಫೆಬ್ರವರಿ 12ರಂದು ನಡೆಯಿತು. ಆ ಶೋಕದಲ್ಲಿ ಇಲ್ಲಿನ ಓಕ್ ಮರಗಳ ತಲೆಗಳನ್ನೂ ಕಡಿಯಲಾಯಿತೆಂಬುದು ಸ್ಥಳೀಯ ಐತಿಹ್ಯ. ಆದರೆ ಸೌದೆಗಾಗಿ ಮರದ ತಲೆ ಸವರುವುದು ಆ ಕಾಲದ ರೂಢಿಯೇ ಆಗಿತ್ತು.

1928ರಲ್ಲಿ ಪಾದರಕ್ಷೆ ತಯಾರಿಕೆಯ ಯಂತ್ರಗಳ ಉದ್ಯಮಿ ಚಾರ್ಲ್ಸ್ ಬೆನಿಯನ್ ಈ ವನವನ್ನು ಕೊಂಡು, ಲೆಸ್ಟರ್‌ಷೈರಿನ ಜನರಿಗೆ ಶಾಶ್ವತವಾಗಿ ದೊರೆಯುವಂತೆ ದಾನ ಮಾಡಿದರು. ಹೀಗೆ ಒಂದು ಮನೆತನದ ಸೊತ್ತು ಸರ್ವರ ಸೊತ್ತಾಯಿತು. ಒಳಗೆ ನಡೆದುಹೋಗಲು ಶುಲ್ಕವಿಲ್ಲ. ಕಾರು ನಿಲ್ಲಿಸಲು ಹಣ ತೆರಬೇಕು.

ಚಿಕ್ಕ ಮಕ್ಕಳೊಂದಿಗೆ ಬರುವವರಿಗೆ ನ್ಯೂಟೌನ್ ಲಿನ್‌ಫೋರ್ಡ್ ಹಳ್ಳಿಯ ಬಾಗಿಲು ಅನುಕೂಲಕರ. ಅಲ್ಲಿಂದ ಲಿನ್ ಎಂಬ ಕಿರುಹೊಳೆಯ ದಡದಲ್ಲಿ ಸಾಗುವ ಸಮತಟ್ಟಾದ ಹಾದಿಯಲ್ಲಿ ಮಕ್ಕಳ ತಳ್ಳುಗಾಡಿಯಾಗಲಿ ಗಾಲಿಕುರ್ಚಿಯಾಗಲಿ ಸಲೀಸಾಗಿ ಹೋಗುತ್ತದೆ. ಗ್ರೇ ನಿವಾಸದ ಅವಶೇಷಗಳನ್ನು ಈ ಹಾದಿಯಿಂದಲೇ ತಲುಪಬಹುದು. ನಡೆಯುವ ಉತ್ಸಾಹವಿದ್ದವರು 212 ಮೀಟರ್ ಎತ್ತರದ ಓಲ್ಡ್ ಜಾನ್ ಗುಡ್ಡವನ್ನೇರಿ, 1784ರ ಗೋಪುರವನ್ನು ನೋಡಬಹುದು.

ಇಲ್ಲಿರುವುದು ಕೆಂಪು ಜಿಂಕೆ ಮತ್ತು ಫ್ಯಾಲೋ ಜಿಂಕೆ ಎಂಬ ಎರಡು ಜಾತಿಗಳು. ಫ್ಯಾಲೋ ಜಿಂಕೆಯ ಬೇಸಗೆಯ ಚುಕ್ಕೆಗಳು ಬಂಡೀಪುರದ ಚುಕ್ಕೆ ಜಿಂಕೆಯನ್ನು ನೆನಪಿಗೆ ತರುತ್ತವೆ. ಜೂನ್ ತಿಂಗಳಲ್ಲಿ ತಾಯಿ ಜಿಂಕೆಯು ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಒಂಟಿಯಾಗಿ ಮಲಗಿದ ಮರಿ ಅನಾಥವಲ್ಲ, ಅದನ್ನು ಮುಟ್ಟಕೂಡದು. ಅಕ್ಟೋಬರಿನ ಬೆದೆಗಾಲದಲ್ಲಿ ಗಂಡುಗಳು ಗರ್ಜಿಸುತ್ತ ಕಾದಾಡುತ್ತವೆ. ಆಗ ಹತ್ತಿರ ಸುಳಿಯುವುದು ಅಪಾಯ. ಮಕ್ಕಳು ಪ್ರೀತಿಯಿಂದ ನೀಡುವ ಬ್ರೆಡ್ಡೂ ಹಾನಿಕರವೇ. ಅದು ಜಿಂಕೆಯ ಆರೋಗ್ಯವನ್ನು ಕೆಡಿಸುವುದಲ್ಲದೆ ಮನುಷ್ಯರ ಬಗೆಗಿನ ಅದರ ಭಯವನ್ನೂ ಕಳೆಯುತ್ತದೆ. ಭಯವಿಲ್ಲದ, ಕವಲುಗೊಂಬಿನ ಗಂಡುಜಿಂಕೆ ತಿಂಡಿಗಾಗಿ ಮೇಲೆ ಬಿದ್ದರೆ ಪೆಟ್ಟಾಗುವುದು ಮಕ್ಕಳಿಗೇ.

ಬೇಲಿಯೊಳಗೆ ಯಾರು ಕಾಲಿಡಬಹುದೆಂಬುದನ್ನು ಹಿಂದೆ ಒಡೆಯರು ತೀರ್ಮಾನಿಸುತ್ತಿದ್ದರು. ಇಂದು ಎಲ್ಲರಿಗೂ ಪ್ರವೇಶವಿರುವಲ್ಲಿ ಜಿಂಕೆಗಳಿಗೆ ಬೇಕಾದ ಅಂತರವನ್ನು ಕಾಯುವ ಹೊಣೆಯೂ ಎಲ್ಲರದು. ಬುತ್ತಿಯನ್ನು ಒಯ್ಯಿರಿ, ಅದನ್ನು ಜಿಂಕೆಗಳಿಂದ ದೂರ ಕುಳಿತು ಉಣ್ಣಿರಿ, ಕಸವನ್ನು ಮರಳಿ ತನ್ನಿರಿ. ದುರ್ಬೀನೊಂದನ್ನು ಮಕ್ಕಳ ಕೈಗಿತ್ತರೆ ಹತ್ತಿರ ಹೋಗುವ ಅಗತ್ಯವೇ ಬೀಳದು.