ಐಲಾ ದ್ವೀಪದ ಭಟ್ಟಿಯೂ ಅದರ ಗುಮಾಸ್ತೆಯೂ

ಇಂಗ್ಲಿಷಿನಲ್ಲಿ ಈ ದ್ವೀಪದ ಹೆಸರಿಗೆ ಐದು ಅಕ್ಷರ. ಎರಡನೆಯದಾದ ‘ಎಸ್’ ಬರವಣಿಗೆಗೆ ಮಾತ್ರ, ಬಾಯಿಗೆ ಬರುವುದಿಲ್ಲ. ಅಲ್ಲಿನವರು ‘ಐಲಾ’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಹೆಬ್ರಿಡೀಸ್ ದ್ವೀಪಗಳ ಒಳಸಾಲಿನಲ್ಲಿ ದಕ್ಷಿಣದ ತುದಿಗಿರುವ ನೆಲ ಇದು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 3,228 ಮಂದಿ. ನಮ್ಮ ಸಣ್ಣ ಪಂಚಾಯತಿನಲ್ಲೂ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ಚಿಕ್ಕ ಊರಿಗೆ ಲೋಕದಲ್ಲಿ ಹೆಸರು ತಂದುಕೊಟ್ಟದ್ದು ಹೊಗೆಯ ವಾಸನೆಯ ವಿಸ್ಕಿ.

ಮನೆಮಂದಿಯೆಲ್ಲ ಓದುವ ವಾರ್ಷಿಕದಲ್ಲಿ ಮದ್ಯದ ಮಾತೇಕೆ ಎಂದು ಹುಬ್ಬೇರಿಸುವವರಿರಬಹುದು. ನಾನು ಕುಡಿತದ ಪಕ್ಷದವನಲ್ಲ. ಬ್ಯಾಂಕಿನ ಗುಮಾಸ್ತನಾದ ನನಗೆ ಕುಡಿತ ಸಂಸಾರಗಳನ್ನು ಎಲ್ಲಿಗೆ ತಲುಪಿಸುತ್ತದೆಂಬುದು ಸಾಲದ ಕಡತಗಳಿಂದಲೇ ಗೊತ್ತು. ನನ್ನ ಆಸಕ್ತಿ ಬಾಟಲಿಯಲ್ಲಲ್ಲ, ಒಂದು ಊರಿನ ಸೊತ್ತು ಯಾರ ಯಾರ ಕೈ ದಾಟಿ ಬಂತು ಎಂಬುದರಲ್ಲಿ. ಅದಕ್ಕೆ ಲಫ್ರೋಯ್ಗ್ ಎಂಬ ಭಟ್ಟಿಯ ಚರಿತ್ರೆಯಷ್ಟು ಸ್ವಾರಸ್ಯದ ನಿದರ್ಶನ ನಾನು ಬೇರೆ ಕಂಡಿಲ್ಲ.

ಗೇಲಿಕ್ ಮಾತಾಡುತ್ತಿದ್ದ ‘ದ್ವೀಪಗಳ ಒಡೆಯರು’ ಎಂಬ ಅರಸು ಮನೆತನಕ್ಕೆ 1493ರ ತನಕ ಐಲಾದ ಫಿನ್‌ಲಗನ್ ಸರೋವರದ ನಡುಗಡ್ಡೆಯೇ ಮುಖ್ಯ ನೆಲೆ. ಅವರ ಕಾಲ ಮುಗಿದ ಮೇಲೆ ಭೂಮಿ ಕೈಯಿಂದ ಕೈಗೆ ಹೋಗಿ, 1726ರಲ್ಲಿ ಡೇನಿಯಲ್ ಕ್ಯಾಂಪ್‌ಬೆಲ್ ಎಂಬ ಗ್ಲಾಸ್ಗೋ ವರ್ತಕ ದ್ವೀಪವನ್ನು ಕ್ರಯಕ್ಕೆ ಪಡೆದ. 1831ರ ಹೊತ್ತಿಗೆ ಜನ ಸುಮಾರು 15,000ಕ್ಕೇರಿದ್ದರು. ಬಳಿಕ ಬಟಾಟೆಗೆ ರೋಗ ತಗಲಿತು, ಗೇಣಿ ಬಾಕಿಯಾಯಿತು, ಒಕ್ಕಲುಗಳು ಕೆನಡಾಕ್ಕೂ ಆಸ್ಟ್ರೇಲಿಯಕ್ಕೂ ಹಡಗು ಹತ್ತಿದರು. ಧಣಿಯೂ ಉಳಿಯಲಿಲ್ಲ. ವಾಲ್ಟರ್ ಫ್ರೆಡರಿಕ್ ಕ್ಯಾಂಪ್‌ಬೆಲ್ 1840ರ ದಶಕದ ಕೊನೆಗೆ ದಿವಾಳಿಯಾದ. ಆತನ ಮಗ ಜಾನ್ ಫ್ರಾನ್ಸಿಸನಿಗೆ ದ್ವೀಪ ದಕ್ಕಲಿಲ್ಲ. ಆದರೆ ಬಾಲ್ಯದಲ್ಲಿ ಕಲಿತ ಗೇಲಿಕ್ ದಕ್ಕಿತು. ಆತ ಊರೂರು ಅಲೆದು ಗೇಲಿಕ್ ಜನಪದ ಕಥೆಗಳನ್ನು ಬರೆಯಿಸಿಕೊಂಡು, 1860ರಿಂದ 1862ರೊಳಗೆ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಕೂಡಿಸಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ. ಎರಡು ಭಾಷೆಗಳ ಈ ವಾರ್ಷಿಕದ ಓದುಗರು ಅಂಥವನ ನೆನಪು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಇನ್ನು ಹೊಗೆಯ ಮಾತು. ಐಲಾದಲ್ಲಿ ಕಲ್ಲಿದ್ದಲಿಲ್ಲ, ಕಾಡೂ ಕಡಿಮೆ. ಇರುವುದು ಪೀಟ್. ಜೌಗು ನೆಲದ ಪಾಚಿ, ಹುಲ್ಲು, ಗಿಡಗಂಟಿಗಳು ಪೂರ್ತಿ ಕೊಳೆಯಲಾರದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಕಪ್ಪಗಾದ ಮಣ್ಣು ಅದು. ಉದ್ದ ಹಿಡಿಯ ಗುದ್ದಲಿಯಿಂದ ಇಟ್ಟಿಗೆಯಂತೆ ಕಡಿದು, ಗಾಳಿಗೆ ಒಣಗಿಸಿ, ನಮ್ಮಲ್ಲಿ ಬೆರಣಿ ಸುಟ್ಟಂತೆ ಒಲೆಗಿಕ್ಕುತ್ತಿದ್ದರು. ಬಾರ್ಲಿಯನ್ನು ನೆನೆಹಾಕಿ, ನೆಲದ ಮೇಲೆ ಹರವಿ, ರಾಗಿಗೆ ಮೊಳಕೆ ಬರಿಸುವಂತೆ ಮೊಳಕೆ ಬರಿಸಿ, ಅದು ಚಿಗುರಾಗಿ ಹೋಗುವ ಮೊದಲು ಈ ಬೆಂಕಿಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ಒಲೆಯ ಮೇಲಣ ಅಟ್ಟದಲ್ಲಿ ಒಣಗಿದ ಕೊಪ್ಪರಕ್ಕೆ ಹಿಡಿಯುವ ವಾಸನೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಹೊಗೆಯಲ್ಲಿನ ಫೀನಾಲ್ ಕಾಳಿನ ಸಿಪ್ಪೆಗೆ ಅಂಟಿಕೊಂಡು ಕೊನೆಯ ತನಕ ಬಿಡುವುದಿಲ್ಲ. ಹಿಟ್ಟನ್ನು ಬಿಸಿನೀರಿನಲ್ಲಿ ಕದಡಿ, ಸಿಹಿನೀರು ಬಸಿದು, ಹುಳಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ಕಾನೂನಿನಂತೆ ಕನಿಷ್ಠ 3 ವರ್ಷ, ರೂಢಿಯಲ್ಲಿ 10 ವರ್ಷವೋ ಮೇಲೆಯೋ ಇಟ್ಟರೂ ಆ ಆಸ್ಪತ್ರೆಯಂಥ ವಾಸನೆ ಉಳಿದಿರುತ್ತದೆ. ಬೇರೆ ಉರುವಲಿಲ್ಲದ ಬಡತನದ ಗುರುತೇ ಕೊನೆಗೆ ಬೆಲೆಯಾಯಿತು.

ಲಫ್ರೋಯ್ಗನ್ನು ದಕ್ಷಿಣ ಕರಾವಳಿಯಲ್ಲಿ ಡೊನಾಲ್ಡ್ ಮತ್ತು ಅಲೆಕ್ಸಾಂಡರ್ ಜಾನ್‌ಸ್ಟನ್ ಎಂಬ ಅಣ್ಣತಮ್ಮಂದಿರು 1815ರಲ್ಲಿ ಆರಂಭಿಸಿದರು. ದನಗಳಿಗೆಂದು ಬಾರ್ಲಿ ಬೆಳೆಯುತ್ತಿದ್ದ ರೈತರು ಅವರು. 1836ರಲ್ಲಿ ಡೊನಾಲ್ಡ್ ಅಲೆಕ್ಸಾಂಡರನ ಪಾಲು ಕೊಂಡ. 1847ರಲ್ಲಿ ತನ್ನದೇ ಭಟ್ಟಿಯ ಬಿಸಿ ದ್ರವದ ತೊಟ್ಟಿಗೆ ಬಿದ್ದು ತೀರಿಕೊಂಡ. ಮಗ ಇನ್ನೂ ಹುಡುಗ. ಹೇಗೋ ಕುಟುಂಬದವರು ನಡೆಸಿಕೊಂಡು ಹೋದರು.

ಒಂದು ಮೈಲು ದೂರದ ಲಗವೂಲಿನ್ ಭಟ್ಟಿಯ ಪೀಟರ್ ಮ್ಯಾಕಿಯ ಕಂಪನಿಗೆ ಲಫ್ರೋಯ್ಗಿನ ಮಾರಾಟದ ಏಜೆನ್ಸಿ ಇತ್ತು. 1907ರಲ್ಲಿ ಜಾನ್‌ಸ್ಟನ್ನರ ಕಡೆಯವರು ಅದನ್ನು ತಪ್ಪಿಸಿದರು. ಮ್ಯಾಕಿ ಕೋರ್ಟಿಗೆ ಹೋಗಿ ಸೋತ. ಸಿಟ್ಟಿಗೆ ಲಫ್ರೋಯ್ಗಿನ ನೀರಿನ ತೋಡಿಗೆ ಕಲ್ಲು ಹಾಕಿಸಿದ. ಅದನ್ನೂ ಕೋರ್ಟು ತೆರೆಯಿಸಿತು. (ತೋಡಿನ ತಕರಾರು ನಮ್ಮ ತೋಟಗಳಿಗೆ ಮಾತ್ರ ಸೀಮಿತ ಎಂದು ತಿಳಿಯಬೇಡಿ.) ಆಗ ಮ್ಯಾಕಿ 1908ರಲ್ಲಿ ತನ್ನ ಆವರಣದಲ್ಲೇ ‘ಮಾಲ್ಟ್ ಮಿಲ್’ ಎಂಬ ಹೊಸ ಭಟ್ಟಿ ಕಟ್ಟಿದ. ಲಫ್ರೋಯ್ಗಿನ ಮಾದರಿಯದೇ ಹಂಡೆ, ಬರಿಯ ಪೀಟ್ ಹೊಗೆಯಲ್ಲಿ ಒಣಗಿಸಿದ ಬಾರ್ಲಿ. ಆದರೂ ಆ ರುಚಿ ಬರಲಿಲ್ಲ. ಮಾಲ್ಟ್ ಮಿಲ್ 1962ರಲ್ಲಿ ನಿಂತಿತು.

ನಕಲು ಮಾಡುವುದು ಬೇರೆ, ಕಲಿತು ತನ್ನದನ್ನು ಮಾಡುವುದು ಬೇರೆ. ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲೇ ಮಾರುಕಟ್ಟೆಗೆ ಇಳಿಸಿತು. ಮುಂದೆ ‘ಫ್ಯೂಷನ್’ ಎಂಬ ಬಗೆಯಲ್ಲಿ ಭಾರತದ ಬಾರ್ಲಿಯ ಜತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹಿಡಿದ ಬಾರ್ಲಿಯನ್ನು ಸೇರಿಸಿತು. ಹೆಸರಲ್ಲೇ ಬೆರಕೆಯನ್ನು ಒಪ್ಪಿಕೊಂಡ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಜಗಳದ ದಿನಗಳಲ್ಲೇ ಜಾನ್‌ಸ್ಟನ್ ಮನೆತನದ ಇಯಾನ್ ಹಂಟರ್ ದ್ವೀಪಕ್ಕೆ ಬಂದು ಭಟ್ಟಿಯ ಹೊಣೆ ಹೊತ್ತ. ಗುಟ್ಟು ಬಿಡದ ಮನುಷ್ಯ. 1923ರಲ್ಲಿ ಹಂಡೆಗಳನ್ನು ಇಮ್ಮಡಿಗೊಳಿಸಿದ. ಅಮೆರಿಕದಲ್ಲಿ 1920ರಿಂದ 1933ರ ತನಕ ಪಾನನಿಷೇಧವಿದ್ದಾಗ, ಇದರ ವಾಸನೆಯನ್ನು ಮೂಸಿದ ಅಲ್ಲಿನ ಅಧಿಕಾರಿಗಳು ಔಷಧವೆಂದೇ ಒಳಗೆ ಬಿಟ್ಟರೆಂಬ ಕಥೆ ಪ್ರಚಾರದಲ್ಲಿದೆ. ಹಂಟರನಿಗೆ ಮಕ್ಕಳಿರಲಿಲ್ಲ.

1934ರ ಬೇಸಿಗೆಯಲ್ಲಿ ಆತನ ಕಚೇರಿಗೆ ಒಬ್ಬ ಶೀಘ್ರಲಿಪಿ ಟೈಪಿಸ್ಟ್ ಬೇಕಾಯಿತು, ಮೂರು ತಿಂಗಳ ಮಟ್ಟಿಗೆ. ಬಂದವಳು ಬೆಸ್ಸಿ ವಿಲಿಯಮ್ಸನ್. 1910ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಅಲ್ಲಿಯದೇ ವಿಶ್ವವಿದ್ಯಾಲಯದ ಪದವಿ ಪಡೆದು ಕೆಲಸವಿಲ್ಲದಿದ್ದ ಹುಡುಗಿ. ಪುಟ್ಟ ಸೂಟ್‌ಕೇಸಿನೊಂದಿಗೆ ಬಂದವಳು ಹಿಂದಿರುಗಲಿಲ್ಲ. 1938ರಲ್ಲಿ ಹಂಟರನಿಗೆ ಪಾರ್ಶ್ವವಾಯು ಬಡಿದ ಮೇಲೆ ಕೆಲಸವೆಲ್ಲ ಕ್ರಮೇಣ ಅವಳ ಮೇಜಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವು ಭಟ್ಟಿಯ ಕಟ್ಟಡಗಳಲ್ಲಿ ಮದ್ದುಗುಂಡು ತುಂಬಿಸಿದಾಗ ಕಾದವಳೂ ಅವಳೇ. 1950ರಲ್ಲಿ ಕಂಪನಿಯ ಕಾರ್ಯದರ್ಶಿ, ನಿರ್ದೇಶಕಿ. 1954ರಲ್ಲಿ ಹಂಟರ್ ತೀರಿಕೊಂಡು ಮರಣಪತ್ರ ತೆರೆದಾಗ ಭಟ್ಟಿ ಅವಳ ಹೆಸರಿಗಿತ್ತು. ಗುಮಾಸ್ತರ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಈ ಹೆಂಗಸಿಗೆ ಒಂದು ಅಧ್ಯಾಯ ಮೀಸಲಿಡಬೇಕು! ಹೊರಗಿನವಳು, ಹೆಂಗಸು, ನಂಟಸ್ತಿಕೆಯೂ ಇಲ್ಲ. ಇಪ್ಪತ್ತು ವರ್ಷ ದಿನಾ ಬಾಗಿಲು ತೆರೆದಿದ್ದೊಂದೇ ಅವಳ ಹಕ್ಕುಪತ್ರ.

ಅವಳೇನು ಮಾಡಿದಳು? ಹಲವು ಬಗೆಯ ಮದ್ಯ ಬೆರೆಸಿ ಮಾರುವುದೇ ವ್ಯಾಪಾರವಾಗಿದ್ದ ಆ ಕಾಲದಲ್ಲಿ, 1960ರ ದಶಕದ ಮೊದಲಲ್ಲಿ ಅಮೆರಿಕದಾದ್ಯಂತ ಸುತ್ತಿ ಒಂದೇ ಭಟ್ಟಿಯ ಮಾಲ್ಟಿಗೆ ಭವಿಷ್ಯವಿದೆಯೆಂದು ಹೇಳಿದಳು. ಮತ್ತೆ, 1962ರಿಂದ 1972ರೊಳಗೆ ತನ್ನ ಪಾಲನ್ನು ಹಂತ ಹಂತವಾಗಿ ಅಮೆರಿಕದ ಶೆನ್ಲಿಯ ಅಂಗಸಂಸ್ಥೆಗೆ ಮಾರಿದಳು. ಇದು ನನಗೆ ಕಸಿವಿಸಿಯ ಭಾಗ. ಆದರೆ ಹೊಸ ಹಂಡೆಗಳಿಗೆ, ದುರಸ್ತಿಗೆ ಬೇಕಾದ ಬಂಡವಾಳ ಒಬ್ಬಳ ಕೈಯಿಂದ ಆಗುವಂಥದ್ದಲ್ಲ. ಭಟ್ಟಿ ನಿಂತಿದ್ದರೆ ಕೆಲಸದವರ ಮಕ್ಕಳೂ ಹಡಗು ಹತ್ತುತ್ತಿದ್ದರು. ನೆರೆಯ ಪೋರ್ಟ್ ಎಲೆನ್ ಭಟ್ಟಿ 1983ರಲ್ಲಿ ಮುಚ್ಚಿ, ಮತ್ತೆ ತೆರೆಯಲು 2024 ಬರಬೇಕಾಯಿತು. ಲಫ್ರೋಯ್ಗ್ ನಿಲ್ಲಲಿಲ್ಲ. ಬೆಸ್ಸಿ 1982ರಲ್ಲಿ ತೀರಿಕೊಂಡಳು. ಒಡೆತನ ವಿಟ್‌ಬ್ರೆಡ್, ಅಲೈಡ್, ಫಾರ್ಚೂನ್ ಬ್ರ್ಯಾಂಡ್ಸ್ ಎಂದು ಸುತ್ತಿ 2014ರಲ್ಲಿ ಜಪಾನಿನ ಸನ್‌ಟೋರಿಗೆ ಬಂತು.

ದ್ವೀಪದ ಭಟ್ಟಿಗಳ ಹೆಸರುಗಳು ಮಾತ್ರ ಬದಲಾಗಲಿಲ್ಲ. ಲಗವೂಲಿನ್ ಎಂದರೆ ಗಿರಣಿಯ ತಗ್ಗು, ಆರ್ಡ್‌ಬೆಗ್ ಎಂದರೆ ಸಣ್ಣ ಭೂಶಿರ, ಬುನ್ನಹಾವನ್ ಎಂದರೆ ಅಳಿವೆ ಬಾಗಿಲು. ವಿಸ್ಕಿ ಎಂಬ ಶಬ್ದವೇ ಗೇಲಿಕಿನ ‘ಉಷ್ಕ ಬೆಹ’, ಜೀವಜಲ. ಟೋಕಿಯೋದಲ್ಲೂ ನ್ಯೂಯಾರ್ಕಿನಲ್ಲೂ ಈ ಹೆಸರುಗಳನ್ನು ತಡವರಿಸಿ ಉಚ್ಚರಿಸುತ್ತಾರೆ. 2011ರಲ್ಲಿ ದ್ವೀಪದೊಳಗೆ ಗೇಲಿಕ್ ಬಲ್ಲವರು ಐವರಲ್ಲಿ ಒಬ್ಬರಷ್ಟೂ ಇರಲಿಲ್ಲ. 2002ರಲ್ಲಿ ಬೊಮೋರ್ ಪಟ್ಟಣದ ಬಳಿ ಗೇಲಿಕ್ ಕಲಿಸುವ ಕೇಂದ್ರವೊಂದು ತೆರೆಯಿತು.

1994ರಲ್ಲಿ ಲಫ್ರೋಯ್ಗ್ ಕಂಪನಿ ಒಂದು ಹೊಸ ಪದ್ಧತಿ ತಂದಿತು. ಬಾಟಲಿ ಕೊಂಡವನು ಹೆಸರು ಬರೆಸಿದರೆ ಭಟ್ಟಿಯ ಪಕ್ಕದ ಗದ್ದೆಯಲ್ಲಿ ಒಂದು ಚದರಡಿ ನೆಲ ಆತನಿಗೆ ಗೇಣಿಗೆ. ಗೇಣಿ ಕೊಡುವವನು ಇಲ್ಲಿ ಒಕ್ಕಲಲ್ಲ, ಕಂಪನಿ: ವರ್ಷಕ್ಕೆ ಒಂದು ಗುಟುಕು ವಿಸ್ಕಿ. 1970ಕ್ಕಿಂತ ಹಿಂದಿನ ಗೇಣಿ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ನಮ್ಮ ಹಿರಿಯರು ಕೇಳಿದರೆ ನಗುವರು. ಆದರೆ ಷರತ್ತೊಂದಿದೆ. ಗೇಣಿ ಬೇಕಾದವನು ಐಲಾಕ್ಕೆ ತಾನೇ ಬರಬೇಕು.