ಮಂಗಳೂರು ಹೆಂಚಿನ ಹಿಂದಿನ ಮನೆಗಳು

ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಹಿಂದಿದ್ದ ಹಳೆಯ ಚಾಳನ್ನು ರೀಡೆವಲಪ್‌ಮೆಂಟ್‌ಗೆಂದು ಕೆಡವಿದಾಗ, ರಾಶಿ ಹಾಕಿದ್ದ ಹೆಂಚುಗಳಲ್ಲಿ ಒಂದನ್ನು ಎತ್ತಿ ನೋಡಿದೆ. ಬಾಸೆಲ್ ಮಿಶನ್ ಎಂಬ ಅಚ್ಚು ಇನ್ನೂ ಅಳಿಸಿರಲಿಲ್ಲ. ಇಲ್ಲಿಯ ಮರಾಠಿಗರು ಈ ಹೆಂಚನ್ನು ಇಂದಿಗೂ 'ಮಂಗಳೂರಿ ಕೌಲ' ಎನ್ನುತ್ತಾರೆ. ನಾವು ಬರುವ ಮೊದಲೇ ನಮ್ಮೂರಿನ ಹೆಸರು ಇವರ ಮಾಡು ಹತ್ತಿ ಕೂತಿತ್ತು!

ಸುವಾರ್ತೆ ಸಾರಲು ಬಂದವರು ಹೆಂಚು ಯಾಕೆ ಸುಟ್ಟರು? ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1815ರಲ್ಲಿ ಹುಟ್ಟಿದ ಈ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಮಿಶನ್ನಿನವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಪಯಟಿಸ್ಟ್ ಪಂಥದವರು, ರೈತರ ಮತ್ತು ಕುಶಲಕರ್ಮಿಗಳ ಮನೆಗಳಿಂದ ಬಂದವರು. ಅವರಿಗೆ ಪಾವಿತ್ರ್ಯವೆಂದರೆ ಭಾನುವಾರದ ಪ್ರಾರ್ಥನೆ ಮಾತ್ರವಲ್ಲ. ಹೊತ್ತಿಗೆ ಸರಿಯಾಗಿ ದುಡಿಯುವುದು, ಕುಡಿತ ಬಿಡುವುದು, ಪೈಸೆ ಪೈಸೆಗೂ ಲೆಕ್ಕ ಇಡುವುದು ಎಲ್ಲವೂ ಅದರಲ್ಲಿ ಸೇರಿತ್ತು. ಇತ್ತ ಕ್ರೈಸ್ತರಾದವರು ಜಾತಿಯೊಂದಿಗೆ ಮನೆ, ಕಸುಬುಗಳನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಪ್ರಾರ್ಥನೆಯಷ್ಟೇ ಕೂಲಿಯೂ ಬೇಕಿತ್ತು. ಮೊದಲು ನೇಯ್ಗೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು.

ಹೆಂಚು ಸುಡುವುದು ಸೇವೆ ಅನ್ನಿಸಿಕೊಂಡಿತು. ಆದರೆ ನಿಘಂಟು? 1853ರಲ್ಲಿ ಬಂದ ಕಿಟೆಲ್ ಹಳಗನ್ನಡ ಕಾವ್ಯಗಳಲ್ಲಿ ಮುಳುಗಿದಾಗ ಮಿಶನ್ನಿನವರಲ್ಲಿ ಕೆಲವರಿಗೆ ಅದು ಪ್ರಚಾರಕನ ಕೆಲಸವಾಗಿ ಕಾಣಲಿಲ್ಲ. ಸುಮಾರು 70,000 ಪದಗಳ ಆ ನಿಘಂಟು 1894ರಲ್ಲಿ ಅಚ್ಚಾಯಿತು. ಇಂದು ಕನ್ನಡಿಗರು ನೆನೆಯುವುದು ಆ ಕೆಲಸವನ್ನೇ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಹೆಂಗಸರ ಪಾಡು. ಮಿಶನರಿಗಳು ಮದುವೆಯಾಗಲು ಬಾಸೆಲ್‌ನ ಸಮಿತಿಯ ಅನುಮತಿ ಬೇಕಿತ್ತು. ಗಂಡನಾಗುವವನ ಮುಖವನ್ನೇ ನೋಡದೆ ಹಡಗು ಹತ್ತಿದ ವಧುಗಳೂ ಇದ್ದರು. ಕಿಟೆಲ್‌ರ ಮೊದಲ ಪತ್ನಿ ಪೌಲೀನ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆಮೇಲೆ ಅವರ ಸೋದರಿ ಜೂಲಿ ಆ ಮನೆಗೆ ಬಂದರು.

ಇದಕ್ಕಿಂತ ಕಷ್ಟದ್ದು ಮಕ್ಕಳ ವಿಷಯ. ಶಾಲೆಯ ವಯಸ್ಸು ಬಂದರೆ ಮಕ್ಕಳನ್ನು ಯುರೋಪಿಗೆ ಕಳಿಸಬೇಕು, ತಾಯಿ ಇಲ್ಲೇ ಸೇವೆಯಲ್ಲಿರಬೇಕು. ಮಲಯಾಳ ನಿಘಂಟು ಬರೆದ ಗುಂಡರ್ಟ್ ಇದೇ ಮಿಶನ್ನಿನವರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮಾರಿಯನ್ನು ಚಿಕ್ಕಂದಿನಲ್ಲೇ ಯುರೋಪಿನಲ್ಲಿ ಬಿಟ್ಟು ಬಂದರು. ಆಕೆ ಭಾರತಕ್ಕೆ ಹಿಂತಿರುಗಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ 'ಸಿದ್ಧಾರ್ಥ' ಕಾದಂಬರಿ ಬರೆದ ಹರ್ಮನ್ ಹೆಸ್ಸೆಯ ತಾಯಿ ಈಕೆಯೇ.

ಮಿಶನ್ನಿನ ಶಾಲೆ, ಅಚ್ಚುಕೂಟಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗಲಿಕೆಯನ್ನೇ ಭಕ್ತಿಯ ಗುರುತು ಮಾಡಿದ ಆ ನಿಯಮ ನನಗೆ ಒಪ್ಪಿಗೆಯಾಗುವುದಿಲ್ಲ. ಬೆಳಗಿನ ಲೋಕಲ್ ಹಿಡಿಯಲು ಮಗಳನ್ನು ಪಾಳಣಾಘರದಲ್ಲಿ ಬಿಟ್ಟು ಓಡುವವಳು ನಾನು. ಸಂಜೆ ಏಳಕ್ಕೆ ಅವಳು ನನಗೆ ಸಿಗುತ್ತಾಳೆ.

ಆ ಹೆಂಚು ಈಗ ನಮ್ಮ ಬಾಲ್ಕನಿಯಲ್ಲಿದೆ, ತುಳಸಿ ಕುಂಡದ ಕೆಳಗೆ.